ಜ್ವರವಿಲ್ಲದ ಮಲೇರಿಯಾ



ಕಳೆದ ತಿಂಗಳು ಡೊಂಬಿವಲಿಯಿಂದ ನಮ್ಮ ಓದುಗರೊಬ್ಬರು ಫೋನ್ ಮಾಡಿದ್ದರು. ಕಟ್ಟಡದ ಗುತ್ತಿಗೆದಾರರೊಬ್ಬರ ಬಳಿ ಅನೇಕ ವರ್ಷಗಳಿಂದ ಸೂಪರ್‌ವೈಸರ್ ಆಗಿರುವವರು. ಸಂಘದಲ್ಲಿ ಯಕ್ಷಗಾನವಿದ್ದರೆ ತಪ್ಪದೆ ಬಂದು ಮೊದಲ ಸಾಲಿನಲ್ಲೇ ಕೂರುವವರು. ಅವರ ಸೈಟಿನಲ್ಲಿ ಒಬ್ಬ ಕೂಲಿಯಾಳಿಗೆ ಚಳಿಜ್ವರ ಬಂದು, ರಕ್ತ ನೋಡಿದಾಗ ಮಲೇರಿಯಾ ಎಂದಾಯಿತು. ಎರಡು ದಿನ ಬಿಟ್ಟು ಆರೋಗ್ಯ ಸಿಬ್ಬಂದಿ ಬಂದರು. ಅದೇ ಶೆಡ್ಡಿನಲ್ಲಿ ಮಲಗುತ್ತಿದ್ದ ಉಳಿದ 18 ಮಂದಿಯನ್ನೂ ಸಾಲಾಗಿ ನಿಲ್ಲಿಸಿ, ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಹೋದರು. ಅವರಲ್ಲಿ ಇಬ್ಬರ ರಕ್ತದಲ್ಲಿ ಮಲೇರಿಯಾ ಸಿಕ್ಕಿತು. ಇಬ್ಬರಿಗೂ ಜ್ವರವಿಲ್ಲ, ಚಳಿಯಿಲ್ಲ, ತಲೆನೋವೂ ಇಲ್ಲ. ಫಲಿತಾಂಶ ಬಂದಾಗ ಇಬ್ಬರೂ ನಾಲ್ಕನೆಯ ಮಹಡಿಗೆ ಇಟ್ಟಿಗೆ ಹೊರುತ್ತಿದ್ದರು.

"ಡಾಕ್ಟ್ರೇ, ಇದು ಲ್ಯಾಬಿನವರ ಎಡವಟ್ಟೇ ಇರಬೇಕು. ಜ್ವರವಿಲ್ಲದೆ ಮಲೇರಿಯಾ ಅಂದರೆ ಮಳೆಯಿಲ್ಲದೆ ಹೊಳೆಗೆ ನೆರೆ ಬಂತು ಅಂದ ಹಾಗಲ್ಲವಾ?" ಎಂದರು.

ನಾವಿಬ್ಬರೂ ಹೊಳೆಸಾಲಿನ ಊರುಗಳವರೇ. "ಮಳೆಯಿಲ್ಲದೆ ನೆರೆ ಬಂದದ್ದನ್ನು ನೀವು ನೋಡಿಲ್ಲವೇ? ಘಟ್ಟದ ಮೇಲೆ ಸುರಿದರೆ ಸಾಕು, ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಕೆಂಪಾಗುತ್ತಿರಲಿಲ್ಲವೇ?" ಎಂದೆ. ಅವರು ನಕ್ಕರು. ಆದರೆ ಒಪ್ಪಿದ ಹಾಗೆ ಕಾಣಲಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವಂಥ ವಿಷಯವೂ ಅದಲ್ಲ. ಆದ್ದರಿಂದ ಈ ಸಲದ ಅಂಕಣ ಅವರ ಆ ಪ್ರಶ್ನೆಗೇ ಮೀಸಲು.

ನನ್ನ ಬಾಲ್ಯ ಕಳೆದದ್ದು ಯಲ್ಲಾಪುರದ ಕಡೆಯ ಹಳ್ಳಿಯಲ್ಲಿ, 1960ರ ದಶಕದಲ್ಲಿ. ಹದಿನೈದು ದಿನಕ್ಕೊಮ್ಮೆ ಖಾಕಿ ಚೀಲ ನೇತುಹಾಕಿಕೊಂಡು ಮಲೇರಿಯಾದವನು ಬರುತ್ತಿದ್ದ. ಬಾಗಿಲ ಪಕ್ಕದ ಗೋಡೆಯ ಮೇಲೆ ಅಚ್ಚು ಒತ್ತಿದ ಒಂದು ಚೌಕಟ್ಟು ಇರುತ್ತಿತ್ತು. ಬಂದದ್ದಕ್ಕೆ ಸಾಕ್ಷಿಯಾಗಿ ಅದರಲ್ಲಿ ತಾರೀಖು ಬರೆದು ಸಹಿ ಹಾಕಬೇಕು. ಅವನ ಪ್ರಶ್ನೆ ಒಂದೇ: "ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತೇ?" ಬಂದಿತ್ತು ಎಂದರೆ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಂಡು, ಕಹಿಯಾದ ಕ್ಲೋರೋಕ್ವಿನ್ ಮಾತ್ರೆ ನುಂಗಿಸಿ ಹೋಗುವನು. ನಮ್ಮ ಅಜ್ಜಿ ಅವನು ಅಂಗಳಕ್ಕೆ ಕಾಲಿಡುವ ಮೊದಲೇ, "ನಮ್ಮನೇಲಿ ಯಾರಿಗೂ ಜ್ವರಗಿರ ಇಲ್ಲ ಮಾರಾಯ, ಮುಂದಿನ ಮನೆ ನೋಡು" ಎನ್ನುತ್ತಿದ್ದರು. ಅವನೂ ಸಹಿ ಹಾಕಿ, ಒಂದು ಲೋಟ ಮಜ್ಜಿಗೆ ಕುಡಿದು ಮುಂದೆ ಹೋಗುತ್ತಿದ್ದ. ಅಜ್ಜಿಯೂ ಸುಳ್ಳು ಹೇಳಲಿಲ್ಲ, ಅವನೂ ಕೆಲಸಕ್ಕೆ ಮೋಸ ಮಾಡಲಿಲ್ಲ. ಆದರೆ ಆ ಪ್ರಶ್ನೆಯಲ್ಲೇ ಒಂದು ಕೊರತೆಯಿತ್ತು ಎಂಬುದು ನನಗೆ ತಿಳಿದದ್ದು ವೈದ್ಯ ಕಾಲೇಜಿಗೆ ಹೋದ ಮೇಲೆ.

ವಿಚಿತ್ರವೆಂದರೆ ಅದಕ್ಕೂ ಹಿಂದಿನವರಿಗೆ ಇದು ತಿಳಿದಿತ್ತು. ನನ್ನ ತಂದೆಯವರು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಡಾಕ್ಟರು ಬಂದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅಂಗಿ ಎತ್ತಿಸಿ, ಎಡಪಕ್ಕೆಯ ಕೆಳಗೆ ಬೆರಳುಗಳಿಂದ ಒತ್ತಿ ನೋಡುತ್ತಿದ್ದರಂತೆ. ಹುಡುಗರಿಗೆ ಕಚಗುಳಿಯಾಗಿ ನಗು. ಡಾಕ್ಟರು ಹುಡುಕುತ್ತಿದ್ದದ್ದು ಗುಲ್ಮವನ್ನು. ಮತ್ತೆ ಮತ್ತೆ ಮಲೇರಿಯಾ ಹಿಡಿದ ಮಗುವಿನ ಗುಲ್ಮ ಊದಿಕೊಂಡು ಪಕ್ಕೆಲುಬಿನಿಂದ ಕೆಳಗಿಳಿಯುತ್ತದೆ, ಕೈಗೆ ಸಿಗುತ್ತದೆ. ಆ ದಿನ ಮಗುವಿಗೆ ಜ್ವರವಿರಲಿ ಬಿಡಲಿ, ಗುಲ್ಮ ಸುಳ್ಳು ಹೇಳುವುದಿಲ್ಲ. ಎರಡರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ ಎಷ್ಟು ಮಂದಿಗೆ ಗುಲ್ಮ ಸಿಕ್ಕಿತು ಎಂಬುದರ ಮೇಲೆ ಆ ಸೀಮೆ ಎಷ್ಟು ಕೆಟ್ಟದ್ದೆಂದು ಅಳೆಯುತ್ತಿದ್ದರು. ಹತ್ತಕ್ಕಿಂತ ಕಡಿಮೆಯಾದರೆ ಸೌಮ್ಯ, ಐವತ್ತು ದಾಟಿದರೆ ಘೋರ. ಆಗ ಉತ್ತರ ಕನ್ನಡವೂ ಧಾರವಾಡವೂ ಇದೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. 1946ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರು ಹಳ್ಳಿಮನೆಗಳ ಗೋಡೆಗೆ ಡಿಡಿಟಿ ಹೊಡೆಯುವ ಪ್ರಯೋಗವನ್ನು ಈ ಎರಡು ಜಿಲ್ಲೆಗಳಲ್ಲೇ ಕೈಗೊಂಡರು. ದೇಶದ ಗ್ರಾಮೀಣ ಭಾಗದಲ್ಲಿ ಅಂಥ ದೊಡ್ಡ ಪ್ರಯತ್ನಗಳಲ್ಲಿ ಅದು ಮೊದಮೊದಲಿನದು. ಮಲೆನಾಡಿನ ಎಷ್ಟೋ ಹಾಳುಬಿದ್ದ ಮನೆಗಳಲ್ಲಿ ಮತ್ತೆ ದೀಪ ಹತ್ತಿದ್ದಕ್ಕೆ ಆ ಬಿಳಿಪುಡಿಯ ಋಣವೂ ಇದೆ.

ಇನ್ನು ದೇಶದ ಮಾತು. ಸ್ವಾತಂತ್ರ್ಯ ಬಂದಾಗ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಮಂದಿ ಸಾಯುತ್ತಿದ್ದರು ಎಂದು ಅಂದಾಜು. 1953ರಲ್ಲಿ ನಿಯಂತ್ರಣದ ಯೋಜನೆ, 1958ರಲ್ಲಿ ನಿರ್ಮೂಲನದ ಯೋಜನೆ ಬಂದವು. 1965ರ ಹೊತ್ತಿಗೆ ವರ್ಷಕ್ಕೆ ಒಂದು ಲಕ್ಷದಷ್ಟು ರೋಗಿಗಳು ಮಾತ್ರ. ಇನ್ನೇನು ಮುಗಿಯಿತು ಎಂದು ಎಲ್ಲರೂ ಕೈತೊಳೆಯುವ ಸಿದ್ಧತೆಯಲ್ಲಿದ್ದರು. 1976ರಲ್ಲಿ ಆ ಸಂಖ್ಯೆ 64 ಲಕ್ಷ! ಪಕ್ಕದ ಶ್ರೀಲಂಕೆಯದು ಇನ್ನೂ ಎದೆ ಝಲ್ಲೆನಿಸುವ ಕಥೆ. 1963ರಲ್ಲಿ ಇಡೀ ದ್ವೀಪದಲ್ಲಿ ಸಿಕ್ಕ ರೋಗಿಗಳು 17. ಸಿಂಪಡಣೆ ನಿಲ್ಲಿಸಿದರು. 1960ರ ದಶಕ ಮುಗಿಯುವಷ್ಟರಲ್ಲಿ ವರ್ಷಕ್ಕೆ ಐದು ಲಕ್ಷ ದಾಟಿತ್ತು. ಡಿಡಿಟಿಗೆ ಸೊಳ್ಳೆ ಬಗ್ಗದಾದದ್ದು, ಹಣದ ಕೊರತೆ, ಸರ್ಕಾರಗಳ ಉದಾಸೀನ ಎಂದು ಕಾರಣಗಳು ಹಲವಿದ್ದವು. ಆದರೆ ಸೊಳ್ಳೆ ಮರಳಿ ಬಂದ ಮಾತ್ರಕ್ಕೆ ಮಲೇರಿಯಾ ಬರುವುದಿಲ್ಲ. ಸೊಳ್ಳೆ ಹುಟ್ಟುವಾಗ ರೋಗಾಣುವನ್ನು ಹೊತ್ತು ಹುಟ್ಟುವುದಿಲ್ಲ, ಯಾರದೋ ರಕ್ತದಿಂದ ಅದನ್ನು ಹೀರಬೇಕು. ಆ 'ಯಾರೋ' ಊರಲ್ಲೇ ಇದ್ದರು. ಅವರಿಗೆ ಜ್ವರವಿದ್ದಿದ್ದರೆ ಹದಿನೈದು ದಿನಕ್ಕೊಮ್ಮೆ ಬರುವವನ ಪುಸ್ತಕದಲ್ಲಿ ಅವರ ಹೆಸರಿರುತ್ತಿತ್ತು.

ಹಾಗಾದರೆ ಜ್ವರ ಏಕೆ ಬರುವುದಿಲ್ಲ? ಜ್ವರವೆಂಬುದು ರೋಗಾಣುವಿನ ಕೆಲಸಕ್ಕಿಂತ ಹೆಚ್ಚಾಗಿ ನಮ್ಮ ದೇಹದ ಜಗಳ. ಕೆಂಪು ರಕ್ತಕಣದೊಳಗೆ ರೋಗಾಣು ಬೆಳೆದು, ಕಣವನ್ನು ಒಡೆದು ಹೊರಬಿದ್ದಾಗ ದೇಹ ಅಬ್ಬರಿಸುತ್ತದೆ. ಅದೇ ಚಳಿ, ನಡುಕ, ಜ್ವರ. ಮೊದಲ ಸಲ ಹಿಡಿದವನಿಗೆ ಈ ಅಬ್ಬರ ವಿಪರೀತ. ನಮ್ಮ ನಿಮ್ಮಂಥ ಪೇಟೆಯವರು ಒಂದೇ ಕಡಿತಕ್ಕೆ ಹಾಸಿಗೆ ಹಿಡಿಯುವುದು ಅದಕ್ಕೇ. ಆದರೆ ಹುಟ್ಟಿದಂದಿನಿಂದ ವರ್ಷಕ್ಕೆ ಎರಡು ಮೂರು ಸಲ ಕಡಿಸಿಕೊಂಡು ಬೆಳೆದವನ ದೇಹ ಜಗಳವಾಡಿ ಆಡಿ ಒಂದು ರೀತಿಯ ರಾಜಿಗೆ ಬಂದಿರುತ್ತದೆ. ರೋಗಾಣುವನ್ನು ಪೂರ್ತಿ ಓಡಿಸಲಾರದು, ಮಿತಿಮೀರಿ ಬೆಳೆಯಲೂ ಬಿಡದು. ಮನೆಯ ಹಿತ್ತಿಲಲ್ಲಿ ನೆಲೆನಿಂತ ನಾಗರಹಾವಿನ ಹಾಗೆ, ಅದೂ ಇರುತ್ತದೆ, ಮನೆಯವರೂ ಇರುತ್ತಾರೆ. ಹೀಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಸಾಗಬಹುದು. ವೈವಾಕ್ಸ್ ಎಂಬ ಜಾತಿಯದಂತೂ ಯಕೃತ್ತಿನಲ್ಲಿ ಕುಂಭಕರ್ಣನ ನಿದ್ದೆ ಮಾಡಿ, ಯಾವಾಗಲೋ ಎದ್ದು ರಕ್ತಕ್ಕಿಳಿಯುತ್ತದೆ. ನಿದ್ದೆಯಲ್ಲಿರುವಾಗ ಯಾವ ರಕ್ತಪರೀಕ್ಷೆಗೂ ಅದು ಸಿಗದು.

ಇಂಡೊನೇಷ್ಯಾದ ಪಾಪುವಾ ಪ್ರಾಂತ್ಯದಲ್ಲಿ, ಅಪಘಾತ ಮುಂತಾದ ಕಾರಣಗಳಿಂದ ಗುಲ್ಮವನ್ನು ತೆಗೆಸಿಕೊಳ್ಳಬೇಕಾಗಿ ಬಂದವರ ಗುಲ್ಮಗಳನ್ನು ವಿಜ್ಞಾನಿಗಳು ಪರೀಕ್ಷಿಸಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಜ್ವರವೇ ಇಲ್ಲದವರ ಗುಲ್ಮದಲ್ಲಿ ಜೀವಂತ ರೋಗಾಣುಗಳು ತುಂಬಿದ್ದವು, ರಕ್ತನಾಳಗಳಲ್ಲಿ ಹರಿಯುತ್ತಿದ್ದುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಇದನ್ನು ಓದಿದಾಗ ನನಗೆ ತಂದೆಯವರ ಶಾಲೆಯ ಸಾಲು ನೆನಪಾಯಿತು. ಬರಿಗೈಯಲ್ಲಿ ಎಡಪಕ್ಕೆ ಒತ್ತುತ್ತಿದ್ದ ಆ ಹಳೆಯ ಡಾಕ್ಟರು ಕಳ್ಳ ಅಡಗಿದ್ದ ಕೋಣೆಯ ಬಾಗಿಲನ್ನೇ ತಟ್ಟುತ್ತಿದ್ದರಲ್ಲ!

"ರೋಗವೇ ಇಲ್ಲದ ಮೇಲೆ ಚಿಂತೆ ಏಕೆ?" ಎಂದು ತಾವು ಕೇಳಬಹುದು. ರೋಗವಿಲ್ಲ ಎಂಬುದು ಅರ್ಧ ಮಾತು. ರೋಗಾಣು ದಿನವೂ ರಕ್ತಕಣ ತಿನ್ನುತ್ತಲೇ ಇರುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಶಾಲೆಯಲ್ಲಿ ತೂಕಡಿಸುತ್ತದೆ, ಮಾಸ್ತರರು ದಡ್ಡನೆನ್ನುತ್ತಾರೆ. ಬಸುರಿಯ ಮಟ್ಟಿಗೆ ಇನ್ನೂ ಕಷ್ಟ. ಫಾಲ್ಸಿಪಾರಂ ಎಂಬ ಕೆಟ್ಟ ಜಾತಿ ಗರ್ಭದ ಮಾಸಿನಲ್ಲಿ ಹೋಗಿ ಅಂಟಿಕೊಳ್ಳುತ್ತದೆ. ಬೆರಳಿನ ರಕ್ತದಲ್ಲಿ ಕಾಣದೆಯೂ ಇರಬಹುದು. ತಾಯಿಗೆ ರಕ್ತಹೀನತೆ, ಕೂಸು ಹುಟ್ಟುವಾಗ ತೂಕ ಕಡಿಮೆ. ತೂಕ ಕಡಿಮೆಯಾದ ಕೂಸು ಮೊದಲ ವರ್ಷ ದಾಟುವುದು ಕಾಡುಸೀಮೆಯಲ್ಲಿ ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಿಲ್ಲ. ಅದರ ಮೇಲೆ ಹರಡುವಿಕೆಯ ಪ್ರಶ್ನೆ. ಜ್ವರವಿರುವವನು ಮಾತ್ರೆ ತಿಂದು ವಾಸಿಯಾಗುತ್ತಾನೆ. ಜ್ವರವಿಲ್ಲದವನು ಮಾತ್ರೆ ತಿನ್ನುವುದಿಲ್ಲ. ಒಂದೊಂದು ಕಡಿತಕ್ಕೆ ಅವನಿಂದ ಸೊಳ್ಳೆಗೆ ಸೋಂಕು ತಗಲುವ ಸಂಭವ ಕಡಿಮೆಯೇ. ಆದರೆ ರಾತ್ರಿಗಳು ಎಷ್ಟು!

ಒಡಿಶಾದ ಕೋರಾಪುಟ್, ಮಲ್ಕಾನ್‌ಗಿರಿ, ರಾಯಗಡ, ಕಂಧಮಾಲ್ ಮುಂತಾದ ಬೆಟ್ಟದ ಜಿಲ್ಲೆಗಳಲ್ಲಿ ಇದು ಬಹುಕಾಲದ ಪೀಡೆ. ಬೆಟ್ಟದ ತೊರೆಗಳಲ್ಲಿ ಹುಟ್ಟುವ ಫ್ಲೂವಿಯಾಟಿಲಿಸ್ ಎಂಬ ಅನಾಫಿಲಿಸ್ ಸೊಳ್ಳೆ ಅಲ್ಲಿ ಬಲು ಚುರುಕು. 2017ರಲ್ಲಿ ಆ ಸರ್ಕಾರ 'ದುರ್ಗಮ ಅಂಚಲರೇ ಮಲೇರಿಯಾ ನಿರಾಕರಣ' ಎಂಬ ಕಾರ್ಯಕ್ರಮ ಆರಂಭಿಸಿತು. ಚಿಕ್ಕದಾಗಿ 'ದಮನ್' ಎನ್ನುತ್ತಾರೆ, ಹೆಸರೂ ಒಪ್ಪುವಂಥದ್ದೇ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಹಿಂದೆಗೆಯುವಾಗ ಒಮ್ಮೆ, ರಸ್ತೆಯಿಲ್ಲದ ಊರುಗಳಲ್ಲಿ ಶಿಬಿರ ಹೂಡುವುದು. ಜ್ವರ ಇದೆಯೇ ಎಂದು ಕೇಳದೆ ಹಸುಗೂಸಿನಿಂದ ಹಣ್ಣುಮುದುಕರವರೆಗೆ ಎಲ್ಲರ ಬೆರಳು ಚುಚ್ಚಿ ನೋಡುವುದು. ಸಿಕ್ಕವರಿಗೆ ಅಲ್ಲೇ ಔಷಧಿ ಕೊಡುವುದು. ಅದರೊಡನೆ ಬಸುರಿಯರ ತಪಾಸಣೆ, ಮಕ್ಕಳ ತೂಕ ನೋಡುವುದು, ಸೊಳ್ಳೆಪರದೆಯ ತಿಳಿವಳಿಕೆ. ಅದೇ ವರ್ಷ ರಾಜ್ಯದಲ್ಲಿ ಮದ್ದು ಹಾಕಿದ ಒಂದು ಕೋಟಿಗೂ ಹೆಚ್ಚು ಸೊಳ್ಳೆಪರದೆಗಳನ್ನೂ ಹಂಚಲಾಯಿತು. 2016ರಲ್ಲಿ ಸುಮಾರು 4 ಲಕ್ಷ 44 ಸಾವಿರವಿದ್ದ ರೋಗಿಗಳ ಸಂಖ್ಯೆ 2018ರಲ್ಲಿ 66 ಸಾವಿರಕ್ಕೆ, 2019ರಲ್ಲಿ 40 ಸಾವಿರದೊಳಗೆ ಇಳಿಯಿತು. ಪರದೆಗೆ ಎಷ್ಟು ಪಾಲು, ಶಿಬಿರಕ್ಕೆ ಎಷ್ಟು ಪಾಲು ಎಂದು ಬೇರ್ಪಡಿಸುವುದು ಕಷ್ಟ. ಎರಡೂ ಸೇರಿಯೇ ಎನ್ನುವುದು ನ್ಯಾಯ.

ಛತ್ತೀಸ್‌ಗಢದ ಬಸ್ತರ್ ಸೀಮೆಯಲ್ಲಿ 2020ರ ಜನವರಿಯಲ್ಲಿ 'ಮಲೇರಿಯಾ ಮುಕ್ತ ಬಸ್ತರ್ ಅಭಿಯಾನ' ಶುರುವಾಯಿತು. ಮೊದಲ ಸುತ್ತಿನಲ್ಲಿ ಸುಮಾರು 14 ಲಕ್ಷ ಜನರ ರಕ್ತ ನೋಡಿದರು. 64 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಮಲೇರಿಯಾ ಸಿಕ್ಕಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಯಾವ ಲಕ್ಷಣವೂ ಇರಲಿಲ್ಲ! ನಮ್ಮ ಹಳ್ಳಿಗೆ ಬರುತ್ತಿದ್ದವನ ಹಾಗೆ "ಜ್ವರ ಇದೆಯೇ?" ಎಂದಷ್ಟೇ ಕೇಳಿದ್ದರೆ ಅವರೆಲ್ಲರೂ ಪುಸ್ತಕದ ಹೊರಗೇ ಉಳಿಯುತ್ತಿದ್ದರು.

ಕಾಗದದ ಮೇಲೆ ಇದು ಸುಲಭ. ಊರಿಗೆ ಹೋಗಿ ನೋಡಿದರೆ ಗಂಡಸರು ಕಾಡಿನಲ್ಲಿ, ಹೆಂಗಸರು ಹಿಪ್ಪೆಹೂ ಆರಿಸಲು, ಹುಡುಗರು ದನದ ಹಿಂದೆ. ಮನೆಯಲ್ಲಿ ಇರುವವರು ಮುದುಕಿ ಮತ್ತು ನಾಯಿ. ರಾತ್ರಿ ಎಲ್ಲರೂ ಬರುತ್ತಾರೆ, ಆದ್ದರಿಂದ ರಾತ್ರಿಯೇ ಹೋಗಬೇಕು. ನಡುವೆ ಹಳ್ಳ ದಾಟಬೇಕು. ಬಸ್ತರಿನ ಕೆಲವು ಕಡೆ ಬಂದೂಕಿನ ಭಯ ಬೇರೆ ಇತ್ತು. ಇಷ್ಟಾಗಿ ಎದುರಿಗೆ ಸಿಕ್ಕ ಆರೋಗ್ಯವಂತ ಆಳಿಗೆ "ನಿನ್ನ ರಕ್ತ ಕೊಡು" ಎಂದರೆ ಅವನು ಏಕೆ ಕೊಟ್ಟಾನು? ಯಾವ ಸರ್ಕಾರದವರು ಯಾವಾಗ ಅವನಿಗೆ ಏನು ಕೊಟ್ಟು ಹೋಗಿದ್ದರು? ನನ್ನ ಅಜ್ಜಿಯಂಥವರೇ ಮುಂದಿನ ಮನೆ ನೋಡು ಎಂದಿರುವಾಗ ಅವನು ಬಾಗಿಲು ಹಾಕಿಕೊಂಡರೆ ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಅದನ್ನು ಸಾಧ್ಯ ಮಾಡಿದವರು ಅದೇ ಊರಿನ, ಅದೇ ಭಾಷೆಯಾಡುವ ಆಶಾ ಕಾರ್ಯಕರ್ತೆಯರು. ಒಂದು ಸಣ್ಣ ಮಾತು, ವಿಷಯಾಂತರವಾದರೂ ಕ್ಷಮಿಸಿ. ಬಸ್ತರಿನ ಗೊಂಡಿ ನಮ್ಮ ಕನ್ನಡಕ್ಕೆ ದೂರದ ಅಕ್ಕತಂಗಿ, ಒಂದೇ ದ್ರಾವಿಡ ಬಳಗ. ಆ ಭಾಷೆಯಲ್ಲಿ ರಕ್ತಕ್ಕೆ 'ನೆತ್ತುರ್' ಎನ್ನುತ್ತಾರೆ. ಬೆರಳು ಚಾಚು ಎಂದು ಹೊರಗಿನವರು ಹಿಂದಿಯಲ್ಲಿ ಕೂಗುವುದಕ್ಕೂ, ಪಕ್ಕದ ಮನೆಯ ಮಗಳು ಒಂದು ಹನಿ ನೆತ್ತರು ಕೊಡಕ್ಕಾ ಎನ್ನುವುದಕ್ಕೂ ವ್ಯತ್ಯಾಸವಿಲ್ಲವೇ?

ಇನ್ನು ಪರೀಕ್ಷೆಯ ಮಿತಿ. ಸಾಸಿವೆಕಾಳಿಗಿಂತ ಚಿಕ್ಕದಾದ, ಒಂದು ಮೈಕ್ರೋಲೀಟರ್ ರಕ್ತದಲ್ಲಿ ಐವತ್ತು, ನೂರು ರೋಗಾಣುಗಳಿದ್ದರೆ ಸೂಕ್ಷ್ಮದರ್ಶಕದಲ್ಲಿ ಪಳಗಿದ ಕಣ್ಣಿಗೆ ಕಾಣುತ್ತವೆ. ಹಳ್ಳಿಗಳಲ್ಲಿ ಬಳಸುವ, ಹದಿನೈದು ಇಪ್ಪತ್ತು ನಿಮಿಷದಲ್ಲಿ ಗೆರೆ ಮೂಡಿಸುವ ಕಿಟ್ಟಿಗೂ ನೂರು ಇನ್ನೂರು ಬೇಕು. ಜ್ವರ ಬಂದವನ ರಕ್ತದಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತವೆ, ತೊಂದರೆಯಿಲ್ಲ. ಜ್ವರವಿಲ್ಲದವನ ರಕ್ತದಲ್ಲಿ ಐದೋ ಹತ್ತೋ ಇದ್ದರೆ ಎರಡಕ್ಕೂ ಸಿಗದು. ಕೊರೋನಾ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಪಿಸಿಆರ್ ಪರೀಕ್ಷೆಗೆ ಅದೂ ಸಿಗುತ್ತದೆ. ಆದರೆ ಅದಕ್ಕೆ ಯಂತ್ರ ಬೇಕು, ವಿದ್ಯುತ್ ಬೇಕು, ತಜ್ಞರು ಬೇಕು. ಫಲಿತಾಂಶ ಬರುವಷ್ಟರಲ್ಲಿ ಆಳು ಇನ್ನೊಂದು ಬೆಟ್ಟ ಹತ್ತಿರುತ್ತಾನೆ.

ಈ ಕಾರಣದಿಂದಲೇ ಊರಿಗೆ ಊರನ್ನೇ ಪರೀಕ್ಷಿಸುವ ಕ್ರಮದ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಆಫ್ರಿಕಾದ ಬುರ್ಕಿನಾ ಫಾಸೊ, ಜಾಂಜಿಬಾರ್ ಕಡೆಗಳಲ್ಲಿ ಹೀಗೆ ಮಾಡಿ ನೋಡಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಕಿಟ್ಟಿಗೆ ಸಿಗದೆ ಉಳಿದವರಿಂದಲೇ ಮತ್ತೆ ಹಬ್ಬಿತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, ರೋಗ ಹರಡುವುದನ್ನು ತಗ್ಗಿಸಲು ಈ ವಿಧಾನವನ್ನು ನೆಚ್ಚಬೇಡಿ ಎಂದೇ ಸಲಹೆ ಕೊಟ್ಟಿತು, ಷರತ್ತುಗಳೊಡನೆ. ಹಾಗಾದರೆ ಪರೀಕ್ಷೆಯ ಗೊಡವೆಯಿಲ್ಲದೆ ಎಲ್ಲರಿಗೂ ಮಾತ್ರೆ ಕೊಟ್ಟುಬಿಡಬಾರದೇ? ಕೊಟ್ಟವರಿದ್ದಾರೆ. ಆದರೆ ಯಕೃತ್ತಿನಲ್ಲಿ ಮಲಗಿದ್ದನ್ನು ಕೊಲ್ಲುವ ಪ್ರಿಮಾಕ್ವಿನ್ ಮಾತ್ರೆ, ಜಿ6ಪಿಡಿ ಎಂಬ ಕಿಣ್ವ ಕಡಿಮೆಯಿರುವವರ ರಕ್ತಕಣಗಳನ್ನೇ ಒಡೆಯಬಲ್ಲದು. ನಮ್ಮ ಬುಡಕಟ್ಟುಗಳ ಕೆಲವರಲ್ಲಿ ಈ ಕೊರತೆ ಹುಟ್ಟಿನಿಂದಲೇ ಇರುತ್ತದೆ. ಬಸುರಿಯರಿಗಂತೂ ಆ ಮಾತ್ರೆ ಕೊಡುವ ಹಾಗೇ ಇಲ್ಲ. ಆರೋಗ್ಯವಾಗಿದ್ದವನಿಗೆ ನಾವಾಗಿ ಮದ್ದು ಕೊಟ್ಟು ಅವನು ಕಾಯಿಲೆ ಬಿದ್ದರೆ, ಮುಂದಿನ ಹತ್ತು ವರ್ಷ ಆ ಊರಿನವರು ಯಾವ ಲಸಿಕೆಗೂ ಕೈ ಚಾಚಲಾರರು.

ನನ್ನ ಅಭಿಪ್ರಾಯ ಕೇಳಿದರೆ, ಸಂಸ್ಥೆಯ ಎಚ್ಚರಿಕೆಯ ಮಾತೂ ಸರಿ, ಒಡಿಶಾದವರು ಮಾಡಿದ್ದೂ ಸರಿ. ಒಂದು ಸಲ ಶಿಬಿರ ಮಾಡಿ ಫೋಟೋ ತೆಗೆಸಿಕೊಂಡು ಬಂದರೆ ಅದು ನೀರಿನ ಮೇಲಿನ ಬರಹ. ಪರದೆ, ಸಿಂಪಡಣೆ, ಊರಲ್ಲೇ ಸಿಗುವ ಔಷಧಿ ಇವುಗಳ ಜೊತೆಗೆ ವರ್ಷ ವರ್ಷವೂ ಮಾಡಿದರೆ ಮಾತ್ರ ಫಲ. ಒಡಿಶಾದಲ್ಲೂ 2019ರ ನಂತರ ಸಂಖ್ಯೆ ಏರಿದ ವರ್ಷಗಳಿವೆ. ಶಿಬಿರವೆಂದರೆ ಕೇವಲ ರೋಗಾಣು ಹಿಡಿಯುವ ಬಲೆ ಎಂದೂ ನಾನು ಎಣಿಸುವುದಿಲ್ಲ. ಡಾಕ್ಟರ ಮುಖವನ್ನೇ ನೋಡದ ಬಸುರಿಗೆ ವರ್ಷಕ್ಕೆ ಎರಡು ಸಲವಾದರೂ ಯಾರೋ ಬಂದು ಕಣ್ಣಿನ ರೆಪ್ಪೆ ಎಳೆದು ರಕ್ತಹೀನತೆ ನೋಡಿದರೆ, ಆ ಲೆಕ್ಕ ಮಲೇರಿಯಾದ ಪಟ್ಟಿಯಲ್ಲಿ ಬರುವುದಿಲ್ಲ.

ರೋಗಿಗಳು ಬೆರಳೆಣಿಕೆಯಷ್ಟಾದ ಸೀಮೆಗಳಲ್ಲಿ ವಿಧಾನವೇ ಬೇರೆ. ಅಲ್ಲಿ ಎಲ್ಲರನ್ನೂ ಚುಚ್ಚಬೇಕಿಲ್ಲ. ಒಬ್ಬ ರೋಗಿ ಸಿಕ್ಕರೆ ಅವನನ್ನು ಎಳೆಯ ತುದಿಯೆಂದು ಹಿಡಿದು, ಅವನ ಮನೆಯವರು, ಸುತ್ತಲ ಮನೆಯವರು, ಜೊತೆಗೆ ಪ್ರಯಾಣ ಮಾಡಿದವರು ಎಂದು ಎಳೆಯುತ್ತಾ ಹೋಗುವುದು. ಚೀನಾದವರು ಇದಕ್ಕೆ '1-3-7' ಎಂದು ಹೆಸರಿಟ್ಟರು. ಒಂದು ದಿನದಲ್ಲಿ ವರದಿ, ಮೂರು ದಿನದಲ್ಲಿ ವಿಚಾರಣೆ, ಏಳು ದಿನದೊಳಗೆ ಅಲ್ಲಿ ಕ್ರಮ. 2021ರಲ್ಲಿ ಅವರಿಗೆ ಮಲೇರಿಯಾಮುಕ್ತವೆಂಬ ಪ್ರಮಾಣಪತ್ರ ಸಿಕ್ಕಿತು. ಅಂದು ಮುಗ್ಗರಿಸಿದ್ದ ಶ್ರೀಲಂಕೆ ಛಲ ಬಿಡದೆ 2016ರಲ್ಲೇ ಅದನ್ನು ಪಡೆದಿತ್ತು. ಸತತ ಮೂರು ವರ್ಷ ದೇಶದೊಳಗೆ ಹುಟ್ಟಿದ ರೋಗಿ ಒಬ್ಬನೂ ಇರಬಾರದು, ಅದು ನಿಯಮ. ನಮ್ಮಲ್ಲಿ 2015ರಲ್ಲಿ 11 ಲಕ್ಷ 69 ಸಾವಿರವಿದ್ದದ್ದು 2023ರಲ್ಲಿ 2 ಲಕ್ಷ 27 ಸಾವಿರಕ್ಕೆ ಇಳಿದಿದೆ. 2027ಕ್ಕೆ ಸೊನ್ನೆ, 2030ಕ್ಕೆ ಪ್ರಮಾಣಪತ್ರ ಎಂಬುದು ಸರ್ಕಾರದ ಗುರಿ. (ಕೋಲಾರದ ಹಳ್ಳಿಗಳಲ್ಲಿ ರೇಷ್ಮೆಹುಳುವಿಗೆ ಕೇಡೆಂದು ರೈತರು ಸಿಂಪಡಣೆಗೆ ಒಪ್ಪದಿದ್ದಾಗ 1990ರ ದಶಕದಲ್ಲಿ ಬಾವಿಗಳಿಗೆ ಗಪ್ಪಿ ಮೀನು ಬಿಟ್ಟು ಗೆದ್ದ ಕಥೆಯೂ ಇದೆ. ಅದನ್ನು ಇನ್ನೊಂದು ಸಂಚಿಕೆಗೆ ಇಟ್ಟುಕೊಂಡಿದ್ದೇನೆ.)

ಈಗ ಡೊಂಬಿವಲಿಯ ಶೆಡ್ಡಿಗೆ ಬರೋಣ. ಅಲ್ಲಿ ನಡೆದದ್ದು ಇದೇ ಎಳೆ ಹಿಡಿಯುವ ಕೆಲಸ. ಲ್ಯಾಬಿನವರ ಎಡವಟ್ಟೇನೂ ಇರಲಿಲ್ಲ. ಆ ಇಬ್ಬರು ಕೋರಾಪುಟ್ ಜಿಲ್ಲೆಯವರು, ಬಂದು ಎರಡು ತಿಂಗಳಾಗಿತ್ತು. ಮುಂಬಯಿಯಲ್ಲಾಗಲಿ ನಮ್ಮ ಮಂಗಳೂರಿನಲ್ಲಾಗಲಿ ಕಟ್ಟಡದ ಟ್ಯಾಂಕಿನ ಶುದ್ಧ ನೀರಿನಲ್ಲೇ ಹುಟ್ಟುವ ಸ್ಟೀಫೆನ್ಸೈ ಎಂಬ ಸೊಳ್ಳೆ ಕಾದೇ ಇರುತ್ತದೆ. ಮೇಲೆ ಘಟ್ಟದಲ್ಲಿ ಮಳೆ, ಕೆಳಗೆ ಹೊಳೆ ಕೆಂಪು ಎಂದದ್ದು ಇದನ್ನೇ.

ನಮ್ಮ ಓದುಗರು ಎರಡನೆಯ ಸಲ ಫೋನ್ ಮಾಡಿದಾಗ, "ಯಾಕೆ ರಗಳೆ, ಇಬ್ಬರನ್ನೂ ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳಿಸಲಾ?" ಎಂದರು. ನನಗೆ ಸ್ವಲ್ಪ ಸಿಟ್ಟೇ ಬಂತು. ರೋಗಾಣುವನ್ನು ರೈಲಿನಲ್ಲಿ ಕೂರಿಸಿ ಕಳಿಸಿದರೆ ಅದು ದಾರಿಯಲ್ಲಿ ಇಳಿದುಹೋಗುವುದಿಲ್ಲ. ಮುಂದಿನ ಸಲ ಜ್ವರವಿದ್ದ ಆಳೂ ಕೆಲಸ ಹೋಗುವ ಭಯಕ್ಕೆ ಬಾಯಿ ಬಿಡಲಾರ. ಒಬ್ಬನದು ಫಾಲ್ಸಿಪಾರಂ, ಮೂರು ದಿನದ ಆರ್ಟೆಮಿಸಿನಿನ್ ಜೋಡಿಮದ್ದು, ಜೊತೆಗೆ ಸೊಳ್ಳೆಗೆ ದಾಟದಂತೆ ಒಂದೇ ಪಾಳಿ ಪ್ರಿಮಾಕ್ವಿನ್. ಇನ್ನೊಬ್ಬನದು ವೈವಾಕ್ಸ್, ಮೂರು ದಿನ ಕ್ಲೋರೋಕ್ವಿನ್, ಜಿ6ಪಿಡಿ ನೋಡಿಕೊಂಡು 14 ದಿನ ಪ್ರಿಮಾಕ್ವಿನ್. ಜ್ವರವೇ ಇಲ್ಲದವನು 14 ದಿನ ಮಾತ್ರೆ ನುಂಗುವುದು ಹೇಳಿದಷ್ಟು ಸುಲಭವಲ್ಲ, ನಾಲ್ಕನೆಯ ದಿನಕ್ಕೆ ಬಿಟ್ಟುಬಿಡುತ್ತಾನೆ. "ಬೆಳಗಿನ ಹಾಜರಿ ಕರೆಯುವಾಗ ನಿಮ್ಮ ಎದುರಿಗೇ ನುಂಗಲಿ, ಬರಿಹೊಟ್ಟೆಯಲ್ಲಿ ಬೇಡ, ಚಹಾ ಬಿಸ್ಕತ್ತು ನೀವೇ ಕೊಡಿಸಿ" ಎಂದೆ. ಪುಣ್ಯಾತ್ಮರು ಹಾಗೇ ಮಾಡಿದರು.

ಮೊನ್ನೆ ಮೂರನೆಯ ಫೋನ್ ಬಂತು. 14 ದಿನ ಮುಗಿದಿತ್ತು. ಮಾತು ಮುಗಿಸುವಾಗ ಅವರು, "ಡಾಕ್ಟ್ರೇ, ಆ ಫಾಲ್ಸಿಪಾರಂ ಹುಡುಗ ಒಂದು ಪ್ರಶ್ನೆ ಕೇಳಿದ. ಊರಲ್ಲಿ ಅವನ ಹೆಂಡತಿ ಐದು ತಿಂಗಳ ಬಸುರಿಯಂತೆ. ಅವಳಿಗೆ ಜ್ವರಗಿರ ಏನೂ ಇಲ್ಲವಂತೆ. ಅವಳೂ ರಕ್ತ ತೋರಿಸಬೇಕಾ ಅಂತ" ಎಂದರು.

"ತೋರಿಸಲೇಬೇಕು. ಶಿಬಿರ ಬರುವ ತನಕ ಕಾಯುವುದು ಬೇಡ. ಆಶಾ ಕಾರ್ಯಕರ್ತೆಯ ಹತ್ತಿರವೇ ಕಿಟ್ ಇರುತ್ತದೆ, ನಾಳೆಯೇ ಹೋಗಲಿ. ಕಿಟ್ಟಿನಲ್ಲಿ ಕಾಣದಿದ್ದರೂ ಆಸ್ಪತ್ರೆಯಲ್ಲಿ ಒಮ್ಮೆ ರಕ್ತಹೀನತೆ ನೋಡಿಸಿಕೊಳ್ಳಲಿ, ಪರದೆ ಕಟ್ಟಿ ಮಲಗಲಿ" ಎಂದೆ.

ಅವರು ಅದನ್ನೆಲ್ಲ ಹಿಂದಿಯಲ್ಲಿ ಹುಡುಗನಿಗೆ ಹೇಳುವುದು ನನಗೆ ಫೋನಿನಲ್ಲೇ ಕೇಳಿಸುತ್ತಿತ್ತು. ಹುಡುಗ ಅಲ್ಲೇ ಪಕ್ಕದಲ್ಲಿ ನಿಂತಿದ್ದ.